ಅಡಿವೆವ್ವನ ನಿದ್ದೆ

ಹಿರೇಕೆರೂರಿನ ಹತ್ತಿ ಜಿನ್ನಿನ ಕಾವಲುಗಾರ ಗುದ್ಲೆಪ್ಪನಿಗೆ ಎರಡು ಕೆಲಸಗಳಲ್ಲಿ ಊರೊಳಗೆ ಯಾರೂ ಸಾಟಿ ಇರಲಿಲ್ಲ. ಒಂದು, ರಾತ್ರಿಯೆಲ್ಲ ಎಚ್ಚರ ಇರುವುದು. ಇನ್ನೊಂದು, ಹಗಲೆಲ್ಲ ನಿದ್ದೆ ಹೊಡೆಯುವುದು. ಮೊದಲನೆಯದಕ್ಕೆ ಜಿನ್ನಿನ ಮಾಲಕರು ಪಗಾರ ಕೊಡುತ್ತಿದ್ದರು. ಎರಡನೆಯದರ ಭಾರ ಯಾರ ತಲೆಯ ಮೇಲೆ ಬೀಳುತ್ತಿದೆ ಎಂದು ಆ ಪುಣ್ಯಾತ್ಮ ಬಹಳ ವರ್ಷ ವಿಚಾರವನ್ನೇ ಮಾಡಲಿಲ್ಲ. ವಿಚಾರ ಮಾಡಿದ ಮೇಲೆ ಅವನಿಗೆ ಹಗಲೂ ನಿದ್ದೆ ಹತ್ತಲಿಲ್ಲ, ರಾತ್ರಿಯೂ ಹತ್ತಲಿಲ್ಲ.

ಜಿನ್ನು ಎಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆ. ಸುಗ್ಗಿಯಲ್ಲಿ ಅದರ ಅಂಗಳದ ತುಂಬ ಹತ್ತಿಯ ಗುಡ್ಡಗಳು. ಯಾವನೋ ಒಬ್ಬ ಸೇದಿದ ಬೀಡಿ ಅತ್ತ ಒಗೆದನೋ, ಮಾಲಕರ ಮನೆಯಿಂದ ಹಮಾಲರ ಒಲೆಯವರೆಗೆ ಎಲ್ಲರ ಅನ್ನಕ್ಕೂ ಬೆಂಕಿ. ಆದ್ದರಿಂದ ಕಾವಲಿನವನು ರೆಪ್ಪೆ ಹಚ್ಚುವ ಹಾಗಿಲ್ಲ. ಗುದ್ಲೆಪ್ಪ ಹಚ್ಚುತ್ತಿರಲಿಲ್ಲ, ಅದು ಖರೆ. “ಕಾವಲದವನ ಕಣ್ಣು, ಗಂಡಸಿನ ಮಾತು, ಎರಡೂ ಒರಗಬಾರ್ದು ನೋಡ್ರಿ” ಎಂದು ಚಹಾದಂಗಡಿಯಲ್ಲಿ ಮೀಸೆ ತೀಡುತ್ತ ಹೇಳುತ್ತಿದ್ದ. ಮಾತಿಗೇನು, ರೊಕ್ಕ ಕೊಡಬೇಕೇ?

ಮನೆ ಜಿನ್ನಿನ ಹಿಂದೆಯೇ, ಕೂಗಿದರೆ ಕೇಳುವಷ್ಟು ಹತ್ತಿರ. ಒಂದೇ ಕೋಣೆ, ಮೂಡಣಕ್ಕೆ ಒಂದೇ ಕಿಟಕಿ. ಹಾನಗಲ್ಲ ಕಡೆಯಿಂದ ಮದುವೆಯಾಗಿ ಬಂದ ಅಡಿವೆವ್ವ ಆ ಕೋಣೆಯಲ್ಲಿ ಗಂಡನ ನಿದ್ದೆಯನ್ನು ಮೊಲೆಗೂಸಿನ ಹಾಗೆ ಸಾಕಿದಳು. ಹುಡುಗರು ಓಣಿಯಲ್ಲಿ ಗೋಲಿ ಆಡಲು ಕುಂತರೆ ಬೇಡಿಕೊಂಡು ಎಬ್ಬಿಸುವಳು. ಬಳೆಗಾರ ಕೂಗುತ್ತ ಬಂದರೆ ಬಾಗಿಲಿಗೆ ಓಡಿ ತುಟಿಯ ಮೇಲೆ ಬೆರಳು ಇಡುವಳು. ಗುದ್ಲೆಪ್ಪನಂತೂ ಬೆಳಕು ಬರಬಾರದೆಂದು ಕಿಟಕಿಗೆ ಎರಡು ಪದರಿನ ಗೋಣಿತಟ್ಟು ಮೊಳೆ ಹೊಡೆದು ಕೂಡಿಸಿಬಿಟ್ಟಿದ್ದ. ಮಟಮಟ ಮಧ್ಯಾಹ್ನ ಒಳಗೆ ಕಾಲಿಟ್ಟವರಿಗೆ ತಮ್ಮ ಕೈ ತಮಗೆ ಕಾಣುತ್ತಿರಲಿಲ್ಲ.

ಮತ್ತೆ ಅವನಿಗೊಂದು ಚಟ. ಬೀಡಿಯಲ್ಲ, ಸೆರೆಯಲ್ಲ. ರೊಟ್ಟಿ. ಜೋಳದ ರೊಟ್ಟಿ ಹಂಚಿನ ಮೇಲಿಂದ ನೇರ ತಾಟಿಗೆ ಬೀಳಬೇಕು. ಸಂಜೆ ಮಾಡಿಟ್ಟ ರೊಟ್ಟಿ ಕಟ್ಟಿಕೊಂಡು ಹೋಗು ಎಂದರೆ, “ತಂಗಳ ರೊಟ್ಟಿ ನನ್ನ ಹೊಟ್ಟಿಗೆ ಹತ್ತೂದಿಲ್ಲ” ಎನ್ನುವನು. ನಡುರಾತ್ರಿ ಜಿನ್ನಿನ ಫಿಟ್ಟರ್ ದಿಲಾವರನನ್ನು ಗೇಟಿನ ಹತ್ತಿರ ಕೂಡಿಸಿ ಮನೆಗೆ ಬರುವನು. ಅಷ್ಟು ಹೊತ್ತಿಗೆ ಒಲೆ ಉರಿಯುತ್ತಿರಬೇಕು, ಅಡಿವೆವ್ವ ಟಪಟಪ ರೊಟ್ಟಿ ಬಡಿಯುತ್ತಿರಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಮನೆಯಲ್ಲಿ ಉಣ್ಣುವುದು ನಡುರಾತ್ರಿ, ಮಲಗುವುದು ಮಧ್ಯಾಹ್ನ, ಜಗಳಕ್ಕೆ ಹೊತ್ತೇ ಸಿಗುತ್ತಿರಲಿಲ್ಲ.

ಎಪ್ಪತ್ತೊಂದರ ಸುಗ್ಗಿಯಲ್ಲಿ ಅಡಿವೆವ್ವ ಹೆತ್ತಳು. ಏಳು ತಿಂಗಳಿಗೇ. ತವರಿಗೆ ಕರೆದೊಯ್ಯಲು ತಾಯಿ ಇರಲಿಲ್ಲ, ಇದ್ದ ದೊಡ್ಡಮ್ಮ ಒಂಬತ್ತಕ್ಕೆ ಬರುತ್ತೇನೆ ಎಂದಿದ್ದಳು. ಓಣಿಯ ಸೂಲಗಿತ್ತಿ ಗುತ್ತೆವ್ವ ಅಂಗೈಯಗಲದ ಹೆಣ್ಣುಕೂಸನ್ನು ಎತ್ತಿ ಹಿಡಿದು, “ಅಯ್ಯ ನನ್ನವ್ವಾ, ಇಷ್ಟ ಅವಸರ ಏನಿತ್ತ ನಿನಗ?” ಎಂದು ಅದನ್ನೇ ಕೇಳಿದಳು. ದಿಲಾವರ ಆಗಷ್ಟೇ ಜಿನ್ನಿನಿಂದ ಬಿದ್ದ ಬೆಚ್ಚಗಿನ ಅರಳೆಯನ್ನು ಬುಟ್ಟಿ ತುಂಬ ಕಳಿಸಿದ. ಅದರೊಳಗೆ ಕೂಸನ್ನು ಹುದುಗಿಸಿಟ್ಟರು. ಶೇಖವ್ವ ಎಂದು ಹೆಸರಿಟ್ಟರು. ಗುತ್ತೆವ್ವ ಹೊಸ್ತಿಲಲ್ಲಿ ನಿಂತು ತನ್ನ ಹಿರಿಯರ ಮಾತು ಹೇಳಿ ಹೋದಳು: “ಇದರ ದಿನಾ ತುಂಬೂತನಕ ರಾತ್ರಿ ಕೋಣ್ಯಾಗಿನ ದೀಪ ಆರಬಾರ್ದು. ಕತ್ತಲದಾಗ ಬಿಟ್ರ ಬಂದ ಹಾದಿ ಹಿಡದು ಹೊಳ್ಳಿ ಹೋಗ್ತೈತಿ.”

ಹೀಗಾಗಿ ಶೇಖವ್ವನ ಪಾಲಿಗೆ ಜಗತ್ತು ತಿರುಗುಮುರುಗಾಯಿತು. ಹೊರಗೆ ಹೊತ್ತು ಏರಿದಾಗ ಒಳಗೆ ಗೋಣಿತಟ್ಟಿನ ಕತ್ತಲು, ಯಾರೂ ಪಿಟ್ಟೆನ್ನುವ ಹಾಗಿಲ್ಲ. ಹೊರಗೆ ಊರು ಮಲಗಿದಾಗ ಒಳಗೆ ದೀಪ, ಒಲೆಯ ಬೆಂಕಿ, ರೊಟ್ಟಿ ಬಡಿಯುವ ಸಪ್ಪಳ, ಅಪ್ಪನ ಕೆಮ್ಮು. ಕೂಸು ಹಗಲೆಲ್ಲ ಅಪ್ಪನ ಜೋಡಿ ಮಲಗುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಕೇಳಿದ್ದೇ ತಡ, ಕಣ್ಣು ಪಿಳಿಪಿಳಿ ಬಿಟ್ಟು ದೀಪ ನೋಡುತ್ತ ಕಾಲು ಬಡಿಯುತ್ತಿತ್ತು. ಮತ್ತೆ ಬೆಳಗಾಗುವವರೆಗೆ ಅಳು, ಹಾಲು, ಅಳು. ಗುದ್ಲೆಪ್ಪ ಬೆಳಿಗ್ಗೆ ಬಂದು ಉರುಳುವ ಹೊತ್ತಿಗೆ ಅದೂ ಉರುಳುತ್ತಿತ್ತು. “ನನ್ನ ಮಗಳ ಇದು. ಕಾವಲಗಾರನ ರಕ್ತ” ಎಂದು ಅವನು ಜಿನ್ನಿನಲ್ಲಿ ಹೇಳಿಕೊಂಡು ನಕ್ಕ. ಎಲ್ಲರೂ ನಕ್ಕರು.

ನಗದವಳು ಒಬ್ಬಳೇ. ಅಡಿವೆವ್ವನಿಗೆ ಹಗಲು ನೀರು, ಬಟ್ಟೆ, ಸೌದೆ, ಓಣಿಯ ಸಪ್ಪಳ ಕಾಯುವುದು. ರಾತ್ರಿ ಒಲೆ, ಕೂಸು, ದೀಪಕ್ಕೆ ಎಣ್ಣೆ. ಇಬ್ಬರೂ ಮಲಗುವ ಹೊತ್ತು ಅವಳ ನಿದ್ದೆಗೆ ಸಿಗುವಂಥದಲ್ಲ, ಇಬ್ಬರೂ ಎದ್ದಿರುವ ಹೊತ್ತೂ ಸಿಗುವಂಥದಲ್ಲ. ನೀರಿಗೆ ಹೋದಲ್ಲಿ ಕೊಡದ ಮೇಲೆ ತಲೆಯಿಟ್ಟು ನಿಂತಲ್ಲೇ ತೂಕಡಿಸತೊಡಗಿದಳು. ಕಣ್ಣಿನ ಕೆಳಗೆ ಕಾಡಿಗೆ ಬಳಿದ ಹಾಗೆ ಕಪ್ಪು.

ಒಂದು ದಿನ ಮಧ್ಯಾಹ್ನ ಸರಕಾರಿ ನರ್ಸಬಾಯಿ ಕೂಸು ನೋಡಲು ಬಂದವಳು ಹೊಸ್ತಿಲಲ್ಲೇ ಎಡವಿದಳು. ಒಳಗೆ ಅಂಥ ಕತ್ತಲು.

“ಏನವಾ ಇದು, ಹಗಲಿ ಹಿಂಗ ಕತ್ತಲಿ ಮಾಡಿ ಕುಂತೀರಿ? ಕಿಡಕಿ ತಗೀರಿ ಮೊದಲ. ಹಗಲಿ ಕೂಸಿನ ಮ್ಯಾಲೆ ಬೆಳಕ ಬೀಳ್ಲಿ, ರಾತ್ರಿ ದೀಪ ಆರಸ್ರಿ. ಹಗಲ ಯಾವುದು, ರಾತ್ರಿ ಯಾವುದು ಅದಕ್ಕ ತಿಳೀಬೇಕಲ್ಲ? ನಿನ್ನ ಮಾರಿ ನೋಡಿಕೊಂಡಿಯೇನು? ಹಿಂಗಾದ್ರ ನೀನ ಎಲ್ಲೆರ ಬೀಳ್ತಿ ನೋಡು.”

ಮೂಲೆಯ ಕಂಬಳಿಯೊಳಗಿಂದ ಗುದ್ಲೆಪ್ಪನ ದನಿ ಬಂತು. “ನರ್ಸಬಾಯಾರ, ಕೂಸು ತಾನಾಗೇ ಸುಮ್ಮ ಮಲಗೇತಿ. ಮಲಗಿದ ಕೂಸಿನ್ನ ಎಬ್ಬಿಸಿ ನಿದ್ದಿ ಕಲಸ್ತೀರೇನು? ಕಿಡಕಿ ತಗದ್ರ ನಾ ಎಲ್ಲಿ ಮಲಗ್ಲಿ, ಹೊಲದಾಗ?”

ನರ್ಸಬಾಯಿ ಗೊಣಗುತ್ತ ಹೋದಳು. ಅಡಿವೆವ್ವ ಮಾತ್ರ ಆ ಮಾತನ್ನು ಬಿಡಲಿಲ್ಲ. ಮರುದಿನ ಹೊತ್ತೇರಿದ ಮೇಲೆ, ಗಂಡ ಗೊರಕೆ ಹೊಡೆಯುವಾಗ, ತಟ್ಟಿನ ಒಂದು ಮೂಲೆ ಎತ್ತಿ ಹಿಡಿದಳು. ಒಂದು ಗೇಣು ಬಿಸಿಲು ಕೂಸಿನ ಕಾಲಮೇಲೆ ಬಿತ್ತು. ಕೂಸು ಮುಲುಗಿತು. ಗುದ್ಲೆಪ್ಪ ಎದ್ದು ಕುಂತ. ಎದ್ದವನು ಹುಲಿಯೇ ಸರಿ. “ನಿನ್ನೌನ, ಇಲ್ಲಿ ನಾ ಕಣ್ಣ ಮುಚ್ಚದಿದ್ರ ಅಲ್ಲಿ ರಾತ್ರಿ ಮುಚ್ತಾವು. ಜಿನ್ನಿಗೆ ಬೆಂಕಿ ಬಿದ್ರ ಆರಸಾಕ ನಿಮ್ಮಪ್ಪ ಬರ್ತಾನೇನು?” ಎಂದು ಕಲ್ಲು ತೊಗೊಂಡು ಆ ಮೂಲೆಗೆ ಇನ್ನೊಂದು ಮೊಳೆ ಜಡಿದ. ಸಪ್ಪಳಕ್ಕೆ ಕೂಸು ಎದ್ದು ಅತ್ತಿತು. ಅದನ್ನೂ ಅವನು ಅವಳ ತಪ್ಪೇ ಎಂದ. ಅಡಿವೆವ್ವ ಮತ್ತೆ ಕಿಟಕಿಯ ಸುದ್ದಿ ತೆಗೆಯಲಿಲ್ಲ.

ಅದಾಗಿ ಬಹಳ ದಿನ ಆಗಿರಲಿಲ್ಲ. ಒಂದು ರಾತ್ರಿ ಗುದ್ಲೆಪ್ಪ ಉಣ್ಣಲು ಬಂದ. ಓಣಿಗೆ ರೊಟ್ಟಿಯ ಸಪ್ಪಳ ಕೇಳುತ್ತಿರಲಿಲ್ಲ. ಬಾಗಿಲು ದೂಡಿದರೆ ಕಮಟು ವಾಸನೆ. ರೊಟ್ಟಿ ಹೊತ್ತಿದೆ ಎಂದುಕೊಂಡ. ದೀಪ ಚೆನ್ನಾಗಿ ಉರಿಯುತ್ತಿತ್ತು. ಕೂಸು ಅರಳೆಯ ಬುಟ್ಟಿಯಲ್ಲಿ ಎಚ್ಚರವಾಗಿ, ಅಳದೆ, ಕೈಕಾಲು ಆಡಿಸುತ್ತ ಬೆಳಕು ನೋಡುತ್ತಿತ್ತು. ಅಡಿವೆವ್ವ ಒಲೆಯ ಮುಂದೆ ಕುಂತಲ್ಲೇ ಮುಂದಕ್ಕೆ ಬಾಗಿದ್ದಳು. ಬಲಗೈ ಕಾದ ಹಂಚಿನ ಮೇಲಿತ್ತು. ಅಬ್ಬಾ, ಎಂಥ ನಿದ್ದೆ ಅದು, ಚರ್ಮ ಸುಡುವಾಗಲೂ ಬಿಡದ ನಿದ್ದೆ! ಅವನು ರಟ್ಟೆ ಹಿಡಿದು ಎಳೆದಾಗ ಅವಳು ಕಣ್ಣು ತೆರೆದಳು. ಚೀರುವುದಕ್ಕಿಂತ ಮೊದಲು ಹೇಳಿದ್ದು, “ಕುಂದ್ರರಿ, ಈಗ ಹಾಕ್ತೇನಿ” ಎಂದು.

ದಿಲಾವರ ಚಕ್ಕಡಿ ಕಟ್ಟಿಸಿದ. ಬೆಳಗಿನಲ್ಲಿ ದವಾಖಾನೆ. ವಯಸ್ಸಾದ ಡಾಕ್ಟರು ಕೈಗೆ ಮಲಾಮು ಹಚ್ಚುತ್ತ ಅಡಿವೆವ್ವನ ರೆಪ್ಪೆ ಎತ್ತಿ ನೋಡಿ, ತಿರುಗಿ, “ಏನಪಾ, ಈಕಿ ನಿದ್ದಿ ಮಾಡಿ ಎಷ್ಟ ದಿನಾ ಆತು?” ಎಂದು ಕೇಳಿದರು.

ಬಾಗಿಲಲ್ಲಿ ಓಣಿಯ ಅರ್ಧ ಮಂದಿ. ಎಲ್ಲರೂ ಗುದ್ಲೆಪ್ಪನ ಬಾಯಿ ನೋಡುತ್ತಿದ್ದರು. ಅವನಿಗೆ ಉತ್ತರ ಗೊತ್ತಿತ್ತು. ಕೂಸು ಹುಟ್ಟಿದಾಗಿನಿಂದ ಎನ್ನಬೇಕಿತ್ತು. ಆಮೇಲೆ ಯಾಕೆ ಎಂದು ಕೇಳುತ್ತಿದ್ದರು. ಆಮೇಲೆ ಗೋಣಿತಟ್ಟು, ಮೊಳೆ, ನಡುರಾತ್ರಿಯ ಬಿಸಿ ರೊಟ್ಟಿ ಎಲ್ಲ ಈ ಮಂದಿಯ ಮುಂದೆ ಹೊರಗೆ ಬೀಳುತ್ತಿತ್ತು.

“ಆಕಿ ಮೊದಲಿಂದನೂ ಹಂಗ ರೀ” ಎಂದ. “ನಿದ್ದಿಬಡಕಿ. ಕುಂತಲ್ಲೇ ಒರಗ್ತಾಳ್ರಿ. ಮದಿವ್ಯಾದಾಗಿಂದ ನೋಡಾಕತ್ತೇನಿ.”

ಯಾರೋ ಕಿಸಕ್ಕನೆ ನಕ್ಕರು. ಅಡಿವೆವ್ವ ಗಂಡನ ಮುಖ ನೋಡಿದಳು. ಒಂದೇ ಸಲ. ಆಮೇಲೆ ನೋವಿಗೋ ಮತ್ಯಾತಕ್ಕೋ ಕಣ್ಣು ಮುಚ್ಚಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಓಣಿಯಲ್ಲಿ ಅಡಿವೆವ್ವಗಳು ಮೂವರಿದ್ದರು. ಗಾಣಿಗೇರ ಅಡಿವೆವ್ವ, ಮ್ಯಾಗಿನಮನಿ ಅಡಿವೆವ್ವ, ಈಕೆ. ಈಕೆಗೆ ಒಂದು ಗುರುತು ಬೇಕಿತ್ತು, ಸಿಕ್ಕಿತು. ವಾರದ ಸಂತೆ ಮುಗಿಯುವುದರೊಳಗೆ ‘ನಿದ್ದಿ ಅಡಿವೆವ್ವ’ ಎಂಬ ಹೆಸರು ಊರೆಲ್ಲ ತಿರುಗಿ ಮನೆಗೆ ಬಂತು. ಕೈ ಮಾಯುವವರೆಗೆ ಕೂಸನ್ನೂ ತಾಯಿಯನ್ನೂ ಗುತ್ತೆವ್ವ ತನ್ನ ಮನೆಗೆ ಕರೆದೊಯ್ದಳು. ಅಲ್ಲಿ ಅಡಿವೆವ್ವ ಕೂಸಿಗೆ ಹಾಲು ಕುಡಿಸುವಷ್ಟು ಎದ್ದು, ಮತ್ತೆ ಬಿದ್ದು, ದಿನಗಟ್ಟಲೆ ಮಲಗಿದಳು. ನೋಡಲು ಬಂದವರು, “ಗುದ್ಲೆಪ್ಪ ಹೇಳಿದ್ದು ಸುಳ್ಳಲ್ಲ ಬಿಡ್ರವಾ” ಎಂದುಕೊಂಡು ಹೋದರು.

ಗುತ್ತೆವ್ವನ ಮನೆಗೆ ದೊಡ್ಡ ಅಂಗಳ. “ದಿನಾ ತುಂಬ್ಯಾವು, ಇನ್ನ ದೀಪ ಬ್ಯಾಡ” ಎಂದು ಆಕೆ ರಾತ್ರಿ ದೀಪ ಆರಿಸುತ್ತಿದ್ದಳು. ಹಗಲು ಕೂಸಿಗೆ ಎರೆದು ಎಳೆಬಿಸಿಲಿಗೆ ಹಾಕುತ್ತಿದ್ದಳು. ಜೋಳ ಬೀಸುವವರು, ಕೋಳಿ, ಹುಡುಗರು, ಎಲ್ಲ ಗದ್ದಲ ಅದರ ಸುತ್ತಲೇ. ಸ್ವಲ್ಪ ದಿನಕ್ಕೆ ಶೇಖವ್ವ ಊರಿನ ಜೋಡಿ ಮಲಗಿ ಊರಿನ ಜೋಡಿ ಏಳತೊಡಗಿತು. ಗುದ್ಲೆಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಕೂಸಿಗಾಗಿ ಅಲ್ಲ, ತನಗಾಗಿ. “ದಿನಾ ತುಂಬಿತು, ನಿದ್ದಿ ಬಂತು. ಅವಸರದ ಕೂಸು ಹಂಗ ಇರ್ತಾವು. ಅದರಾಗ ನಂದೇನೈತಿ?” ಎಂದು ದಿಲಾವರನ ಮುಂದೆ ಹೇಳಿದ. ದಿಲಾವರ ಮಶೀನಿಗೆ ಎಣ್ಣೆ ಬಿಡುತ್ತ, “ನಾ ಎಲ್ಲಿ ಕೇಳಿದ್ನೋ ಮಾರಾಯಾ?” ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಗುದ್ಲೆಪ್ಪ ಮುಂದೆ ಹದಿನೆಂಟು ವರ್ಷ ಹೆಗಲು ಮುಟ್ಟಿಕೊಳ್ಳುತ್ತಲೇ ಬದುಕಿದ. ಅಡಿವೆವ್ವನ ಬಲಗೈಯ ಬೆರಳು ಮುದುಡಿ ಒಂದಕ್ಕೊಂದು ಹತ್ತಿಕೊಂಡವು. ಅವಳು ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿತಳು. ರೊಟ್ಟಿ ಒಂದು ಬದಿ ದಪ್ಪ, ಒಂದು ಬದಿ ತೆಳುವು. ತಾಟಿನಲ್ಲಿ ಬಿದ್ದ ಪ್ರತಿಯೊಂದು ರೊಟ್ಟಿಯೂ ಅವನಿಗೆ ಆ ದವಾಖಾನೆಯ ಬಾಗಿಲಾಗಿ ಕಾಣುತ್ತಿತ್ತು. ದಪ್ಪ ಬದಿಯನ್ನು ಮೊದಲು ತಿನ್ನುತ್ತಿದ್ದ. ಜಿನ್ನಿನವರು ಹಗಲು ಪಾಳಿಗೆ ಹಾಕಿದರು, ಕಿಟಕಿಯ ತಟ್ಟು ಹರಿದು ಬಿತ್ತು, ಮೊಳೆಗಳು ಮಾತ್ರ ಚೌಕಟ್ಟಿನಲ್ಲಿ ತುಕ್ಕು ಹಿಡಿದು ಉಳಿದವು. ಒಂದು ಸುಗ್ಗಿಯಲ್ಲಿ ಒಳ್ಳೆಯ ಅರಳೆ ಆರಿಸಿ ತಂದು ಅವಳಿಗೆಂದೇ ಗಾದಿ ಹೊಲಿಸಿದ. ಅವಳು ಅದನ್ನು ಸುತ್ತಿ ಅಟ್ಟಕ್ಕೇರಿಸಿದಳು. ಮಧ್ಯಾಹ್ನ ಎಲ್ಲರೂ ಅಡ್ಡಾಗುವ ಹೊತ್ತಿನಲ್ಲಿ ಅವಳು ನಿಂತುಕೊಂಡು ಏನಾದರೂ ಕೇರುತ್ತಿದ್ದಳು, ಸಾರಿಸುತ್ತಿದ್ದಳು. ಜ್ವರ ಬಂದರೆ ಗೋಡೆಗೆ ಬೆನ್ನು ಕೊಟ್ಟು ಕುಂತಿರುತ್ತಿದ್ದಳು. ಇದನ್ನು ಗುದ್ಲೆಪ್ಪ ನೋಡಿದ್ದ. ನೋಡಿ, ಗಟ್ಟಿ ಹೆಂಗಸು ಎಂದುಕೊಂಡಿದ್ದ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಅವಳಿಗೆ ಚಿಂತೆ ಇರಬಹುದೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಹೊಳೆದರೂ ಒಳಗೆ ಕರೆಯಲಿಲ್ಲ.

ಶೇಖವ್ವ ಬೆಳೆದಳು. ಶಿಗ್ಗಾಂವಿ ತಾಲೂಕಿನ ಹುಲಗೂರಿನ ಕರಬಸಪ್ಪನಿಗೆ ಕೊಟ್ಟರು. ಎಂಬತ್ತೊಂಬತ್ತರಲ್ಲಿ ಬಸುರಿ ಮಗಳಿಗೆ ಕುಬಸ ಮಾಡಿ ತವರಿಗೆ ಕರೆತಂದು ಹದಿನೈದು ದಿನ ಆಗಿರಲಿಲ್ಲ, ಅವಳಿಗೂ ಹೊಟ್ಟೆನೋವು ಎದ್ದಿತು. ಅವಳಿಗೂ ಏಳೇ ತಿಂಗಳು. ಈ ಸಲ ದವಾಖಾನೆಯಲ್ಲೇ ಹೆರಿಗೆ. ಗಂಡುಕೂಸು, ಅವ್ವನ ಹಾಗೆಯೇ ಅಂಗೈಯಗಲ. ಅಲ್ಲೇ ಬಹಳ ದಿನ ಇಟ್ಟುಕೊಂಡು, ಇನ್ನು ಭಯವಿಲ್ಲ ಎಂದ ಮೇಲೆ ಮನೆಗೆ ಬಿಟ್ಟರು. ಬಿಡುವ ದಿನ ಹರೆಯದ ಡಾಕ್ಟರಬಾಯಿ ಗುದ್ಲೆಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ, ಸದ್ಯಕ್ಕೆ ಪ್ರಯಾಣ ಬೇಡ, ಗಾಳಿಗೆ ಒಡ್ಡಬೇಡಿ ಎಂದೆಲ್ಲ ಹೇಳಿದಳು. ಅವನು ಹೋಗುವ ಹಾಗೆ ಮಾಡಿ ನಿಂತ.

“ಡಾಕ್ಟರಬಾಯಾರ, ಒಂದ ಮಾತು. ದಿನಾ ತುಂಬದ ಕೂಸು ರಾತ್ರಿ ಯಾಕ ಮಲಗೂದಿಲ್ರಿ?”

ಆಕೆಗೆ ಪ್ರಶ್ನೆ ಹಿಡಿಸಿತು. “ನಮ್ಮ ಮೆದುಳಿನ್ಯಾಗ ಕಾಳಿನಷ್ಟ ಒಂದು ಗ್ರಂಥಿ ಐತ್ರಿ. ಕತ್ತಲಾತಂದ್ರ ಅದು ನಿದ್ದಿ ತರೂ ಒಂದು ರಸ ರಕ್ತದಾಗ ಬಿಡ್ತೈತಿ. ಬೆಳಕ ಬಿತ್ತಂದ್ರ ನಿಲ್ಲಸ್ತೈತಿ. ಹೊಟ್ಟ್ಯಾಗಿದ್ದಾಗ ಕೂಸಿಗೆ ತಾಯಿ ರಸಾನ ಸಿಗ್ತಿರ್ತೈತಿ. ಹೊರಗ ಬಂದ ಮ್ಯಾಲೆ ತನ್ನ ರಸಾ ತಾನ ಮಾಡಿಕೊಳ್ಳಾಕ ದಿನಾ ತುಂಬಿದ ಕೂಸಿಗೂ ತಿಂಗಳಗಟ್ಟಲೆ ಬೇಕು. ಅವಸರದ ಕೂಸಿಗೆ ಇನ್ನೂ ತಡಾ. ಅದು ಯಾರ ತಪ್ಪೂ ಅಲ್ರಿ.”

ಯಾರ ತಪ್ಪೂ ಅಲ್ಲ! ಗುದ್ಲೆಪ್ಪನ ಎದೆಯ ಮೇಲಿನ ಚಪ್ಪಡಿಗಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಕೈ ಮುಗಿದು ಹೊರಡಬೇಕು, ಅಷ್ಟರಲ್ಲಿ ಆಕೆ ಮುಂದುವರಿಸಿದಳು.

“ಆದ್ರ ಹಗಲಿ ಬೆಳಕು, ರಾತ್ರಿ ಕತ್ತಲಿ ಸರಿಯಾಗಿ ಕೊಟ್ರ ಅದು ಲಗೂನ ಹಾದಿಗೆ ಬರಬಹುದು. ಎರಡೂ ಕಲಸಿಬಿಟ್ರ ಇನ್ನೂ ತಡಾ ಆಕ್ಕೈತಿ. ಇದನ್ನ ಇನ್ನೂ ಹುಡುಕಾಕತ್ತಾರ್ರಿ, ಪೂರ್ತಿ ಯಾರಿಗೂ ಗೊತ್ತಿಲ್ಲ. ಕೂಸಿನ ಚಿಂತಿ ಬಿಡ್ರಿ, ಅದು ಯಾವಾಗರ ಮಲಗ್ತೈತಿ. ತಾಯಿನ್ನ ನೋಡಿಕೊಳ್ರಿ. ನಿದ್ದಿ ಇಲ್ಲದ ಬಾಣಂತಿ ಎಲ್ಲಿ ಬೇಕಲ್ಲಿ ಬೀಳ್ತಾಳ. ಒಲಿ ಮ್ಯಾಲೆ ಬೇಕಾದ್ರೂ ಬೀಳ್ತಾಳ.”

ಗುದ್ಲೆಪ್ಪ ಎದ್ದವನು ಮತ್ತೆ ಕುಂತ. ಆಕೆ ಸುಮ್ಮನೆ ಆಡಿದ ಮಾತದು. ಆಕೆಗೆ ಅಡಿವೆವ್ವನ ಕೈ ಗೊತ್ತಿರಲಿಲ್ಲ. ಕೂಸು ಅವಸರ ಮಾಡಿದ್ದು ದೇವರ ಪಾಲು, ಸರಿ. ಮೊಳೆ ಜಡಿದದ್ದು ಯಾರ ಪಾಲು? ನಡುರಾತ್ರಿ ಬಿಸಿ ರೊಟ್ಟಿ ಬೇಡಿದ್ದು ಯಾರು? ಅದೆಲ್ಲ ಹೋಗಲಿ, ಗೊತ್ತಿಲ್ಲದೆ ಮಾಡಿದ್ದು ಎಂದುಕೊಳ್ಳಬಹುದಿತ್ತು. ದವಾಖಾನೆಯ ಬಾಗಿಲಲ್ಲಿ ಆಡಿದ ಸುಳ್ಳು ಗೊತ್ತಿದ್ದೇ ಆಡಿದ್ದು. ‘ದಿನಾ ತುಂಬಿತು, ನಿದ್ದಿ ಬಂತು’ ಎಂಬ ಕಂಬಳಿಯನ್ನು ಇಷ್ಟು ವರ್ಷ ಹೊದ್ದುಕೊಂಡಿದ್ದನಲ್ಲ, ಅದು ಆ ಬೆಂಚಿನ ಮೇಲೆಯೇ ಹರಿಯಿತು.

ಮನೆಗೆ ಬಂದವನೇ ಇಕ್ಕಳ ಹುಡುಕಿದ. ಕಿಟಕಿಯ ಚೌಕಟ್ಟಿನ ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತ. “ಈಗ್ಯಾಕ ಅವು?” ಎಂದಳು ಅಡಿವೆವ್ವ. “ಕೂಸಿಗೆ ಬೆಳಕ ಬೇಕಂತ” ಎಂದ. ಮೊಳೆ ಇದ್ದರೂ ಬೆಳಕು ಬರುತ್ತಿತ್ತು.

ಎರಡು ದಿನಕ್ಕೆ ಹುಲಗೂರಿನಿಂದ ಬೀಗತಿ ಹೊನ್ನವ್ವ ಮಗನನ್ನು ಕರೆದುಕೊಂಡು ಬಂದಳು. ಕೆಟ್ಟವಳಲ್ಲ. ಮೊಮ್ಮಗನನ್ನು ಎತ್ತಿಕೊಂಡು ಕಣ್ಣೀರು ತೆಗೆದಳು, ಬಾಣಂತಿಗೆ ಅಂಟಿನುಂಡಿ ತಂದಿದ್ದಳು. ಮಧ್ಯಾಹ್ನ ಉಂಡಾದ ಮೇಲೆ ಕಟ್ಟೆಯ ಮೇಲೆ ಓಣಿಯ ಹೆಂಗಸರೂ ಗುತ್ತೆವ್ವ ಮುದುಕಿಯೂ ಕೂತಿದ್ದಾಗ ಗಂಟಲು ಸರಿಮಾಡಿಕೊಂಡಳು.

“ಬೀಗರ, ಸಿಟ್ಟಾಗಬ್ಯಾಡ್ರಿ. ತಾಯಿ ಕೂಸು ಇಬ್ಬರನ್ನೂ ನಾಳೆ ನಾವು ಕರಕೊಂಡ ಹೋಗ್ತೇವಿ. ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮ ಮನಿಗೆ ಹೊಂಟೇವಿ ಅಂದ್ರ, ನಿದ್ದಿ ಅಡಿವೆವ್ವನ ಮನ್ಯೇನು ಅಂದ್ರು. ಯಾಕ ಹಂಗಂತೀರಿ ಅಂತ ಕೇಳಿದೆ. ಕೂಸಿನ್ನ ಬಾಜೂಕ ಇಟಕೊಂಡು ಹಂಚಿನ ಮ್ಯಾಲೆ ಒರಗಿದಾಕಿ ಅಂದ್ರು. ಇಷ್ಟ ಸಣ್ಣ ಕೂಸು. ರಾತ್ರಿ ಹಗಲು ಕಣ್ಣಾಗ ಕಣ್ಣಿಟ್ಟು ಕಾಯಬೇಕು. ನನ್ನ ಜೀವ ತಡಿಯೂದಿಲ್ರಿ.”

ಹಾವೇರಿಗೆ ಒಂದು ಬಸ್ಸು, ಸವಣೂರಿಗೆ ಒಂದು, ಹುಲಗೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಗಾಳಿ, ಧೂಳು, ಮಂದಿ. ಪ್ರಯಾಣ ಬೇಡ ಎಂದ ಡಾಕ್ಟರಬಾಯಿಯ ಮಾತು ಗುದ್ಲೆಪ್ಪನ ಬಾಯಿಗೆ ಬಂತು. ಅಷ್ಟರಲ್ಲಿ ಅಡಿವೆವ್ವ ಮಾತಾಡಿದಳು.

“ಒಯ್ರಿ ಅಕ್ಕಾರ. ನೀವು ಹೇಳೂದು ಖರೆ ಐತಿ. ನಾ ನಿದ್ದಿಬಡಕಿನ ಅದೇನಿ. ಯಾವಾಗ ಒರಗಿಬಿಡ್ತೇನಿ ಅಂತ ನನಗ ತಿಳಿಯೂದಿಲ್ಲ. ಆವತ್ತು ಕೈ ಹೋತು, ಕೂಸು ಉಳೀತು. ಈ ಸಲ ಏನಾಕ್ಕೈತೋ ಯಾರಿಗೆ ಗೊತ್ತು? ನನ್ನ ಕೈಯಾಗ ಇದು ಬ್ಯಾಡ್ರಿ.” ಮುದುಡಿದ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಗುದ್ಲೆಪ್ಪ ಹೆಂಡತಿಯನ್ನು ನೋಡಿದ. ಊರು ನಂಬಿದ್ದು ಅವನಿಗೆ ಗೊತ್ತಿತ್ತು. ಇವಳೂ ನಂಬಿದ್ದಾಳೆಂದು ಗೊತ್ತಿರಲಿಲ್ಲ. ತಾನು ಅಂಜಿ ಉಗುಳಿದ ಒಂದು ಮಾತನ್ನು ಇವಳು ಎತ್ತಿಕೊಂಡು, ತನ್ನದೇ ಹಣೆಬರಹವೆಂದು ಹದಿನೆಂಟು ವರ್ಷ ಸಾಕಿದ್ದಾಳೆ. ಛೀ, ನಾನೂ ಒಬ್ಬ ಗಂಡಸೇ ಎನಿಸಿತು ಅವನಿಗೆ.

“ಆಕಿ ನಿದ್ದಿಬಡಕಿ ಅಲ್ಲ” ಎಂದ. ದನಿ ತನ್ನದಲ್ಲ ಎನ್ನುವ ಹಾಗೆ ಬಂತು. ಎದ್ದು ನಿಂತ. “ಕೇಳ್ರಿ ಬೀಗತೇರ, ಎಲ್ಲಾರೂ ಕೇಳ್ರಿ. ನಾ ಸುಳ್ಳ ಹೇಳಿದೆ. ನಾ ಹಗಲಿ ಮಲಗಬೇಕಂತ ಈ ಕಿಡಕಿಗೆ ತಟ್ಟ ಬಡದಿದ್ದೆ. ಕೂಸಿಗೆ ಹಗಲ ಕಾಣಲಿಲ್ಲ, ರಾತ್ರಿ ಮಲಗಲಿಲ್ಲ. ಈಕಿ ಹಗಲಿ ನನ್ನ ನಿದ್ದಿ ಕಾಯ್ತಿದ್ಲು, ರಾತ್ರಿ ಕೂಸಿನ್ನ ಕಾಯ್ತಿದ್ಲು. ನರ್ಸಬಾಯಿ ಕಿಡಕಿ ತಗೀರಿ ಅಂದ್ಲು, ನಾ ಇನ್ನೊಂದ ಮೊಳಿ ಹೊಡದೆ. ನಡುರಾತ್ರಿ ನನಗ ಬಿಸಿ ರೊಟ್ಟಿ ಬೇಕಾಗಿದ್ವು. ಆ ರೊಟ್ಟಿ ಮಾಡೂಮುಂದ ಆಕಿ ಕೈ ಸುಟ್ಟೈತಿ. ಡಾಕ್ಟರ್ ಕೇಳಿದಾಗ ನಾಲ್ಕ ಮಂದ್ಯಾಗ ಮಾನಾ ಹೋಗ್ತೈತಂತ ಆಕಿಗೆ ಆ ಹೆಸರ ಇಟ್ಟೆ. ಮದಿವ್ಯಾದಾಗಿಂದ ಆಕಿ ಹಗಲಿ ಒರಗಿದ್ದು ನಾ ಒಂದ ದಿನಾನೂ ನೋಡಿಲ್ಲ.”

ಗುತ್ತೆವ್ವ ಮುದುಕಿ ಬಾಯೊಳಗಿನ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. “ದೀಪ ಇಡಂತ ನಾನೂ ಹೇಳಿದ್ನೆಪಾ” ಎಂದು ತನ್ನಷ್ಟಕ್ಕೆ ಅಂದಳು. ಹೊನ್ನವ್ವ ಗುದ್ಲೆಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. “ಅಯ್ಯ, ನಿಮ್ಮ ರೊಟ್ಟಿಗೆ ಬೆಂಕಿ ಹಚ್ಚಲಿ!” ಎಂದವಳು, ಬೀಗರಿಗೆ ಅನ್ನಬಾರದ ಮಾತೆಂದು ನೆನಪಾಗಿ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಎದ್ದು ಕೂಸನ್ನು ತಂದು ಅಡಿವೆವ್ವನ ತೊಡೆಯ ಮೇಲೆ ಇಟ್ಟಳು. “ಇಲ್ಲೇ ಇರ್ಲಿ. ರಾತ್ರಿ ಒಂದ ಪಾಳಿ ನಂದು, ಒಂದ ಪಾಳಿ ನಿಮ್ದು. ಬೀಗರದೂ ಒಂದ ಪಾಳಿ. ಕಾವಲದವರಲ್ಲ ಅವರು?”

ಅಡಿವೆವ್ವ ಕೂಸಿನ ಕಡೆ ನೋಡಲಿಲ್ಲ. ಸೆರಗಿನಿಂದ ಬಲಗೈ ಹೊರಗೆ ತೆಗೆದು ಅದನ್ನೇ ನೋಡುತ್ತ ಕುಂತಳು, ಬೇರೆ ಯಾರದೋ ಕೈ ಎನ್ನುವ ಹಾಗೆ.

“ಜ್ವರ ಬಂದ್ರೂ ನೆಲಕ್ಕ ಬೆನ್ನ ಹಚ್ಚಿಲ್ಲ ನಾ” ಎಂದಳು. “ಮಲಗಿದ್ರ ಮತ್ತ ಏನ ಸುಡ್ತೈತೋ ಅಂತ. ನಿಂತ ನಿಂತ ಕಾಲ ಬಾತಿರ್ತಿದ್ವು. ನೀವು ನೋಡ್ತಿದ್ರಿ. ದಿನಾ ನೋಡ್ತಿದ್ರಿ.”

ಗುದ್ಲೆಪ್ಪ ತಪ್ಪಾತು ಎನ್ನಲು ಬಾಯಿ ತೆರೆದ. ಆ ಮಾತು ಎಷ್ಟು ಸಣ್ಣದೆಂದು ಅವನಿಗೇ ನಾಚಿಕೆಯಾಯಿತು.

ಮರುದಿನ ಅವನು ಜಿನ್ನಿಗೆ ರಜಾ ಹೇಳಿ ಮಧ್ಯಾಹ್ನ ಅಟ್ಟದಿಂದ ಗಾದಿ ಇಳಿಸಿದ. ಧೂಳು ಕೊಡವಿ ಕೋಣೆಯ ನಡುವೆ ಹಾಸಿದ. ಕಿಟಕಿಯಿಂದ ಬೆಳಕು ಬಿದ್ದ ಕಡೆ ಹೊನ್ನವ್ವ ಕೂಸನ್ನು ಕಾಲಮೇಲೆ ಹಾಕಿಕೊಂಡಿದ್ದಳು. “ಬಾ, ಮಲಗು. ನಾ ಬಾಗಲದಾಗ ಕುಂದರ್ತೇನಿ” ಎಂದ. ಅಡಿವೆವ್ವ ಬಹಳ ಹೊತ್ತು ಗಾದಿಯನ್ನು ನೋಡಿ, ಅದರ ಅಂಚಿನಲ್ಲಿ ಮಲಗಿದಳು. ಗುದ್ಲೆಪ್ಪ ಹೊಸ್ತಿಲಲ್ಲಿ ಕುಂತ. ಗೋಲಿ ಆಡುವ ಹುಡುಗರನ್ನು ಅಟ್ಟಿದ. ಬುಟ್ಟಿಯವಳು ಕೂಗುತ್ತ ಬಂದರೆ ತುಟಿಯ ಮೇಲೆ ಬೆರಳು ಇಟ್ಟ. “ಸಾವಕಾಶ ಹೋಗವಾ, ಆಕಿ ಮಲಗ್ಯಾಳ” ಎಂದ. ಜಿನ್ನಿನ ಹತ್ತಿಯನ್ನೂ ಅವನು ಅಷ್ಟು ನಿಗಾದಿಂದ ಕಾದಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದ. ಅಡಿವೆವ್ವ ಕಣ್ಣು ತೆರೆದುಕೊಂಡು ಮಾಳಿಗೆಯ ಜಂತಿ ನೋಡುತ್ತಿದ್ದಳು.

“ನಿದ್ದಿ ಬರವಲ್ದು” ಎಂದಳು. “ಹಗಲಿ ಮಲಗೂದು ಹೆಂಗಂತ ಮರತೇಬಿಟ್ಟೇನಿ.”

ಎದ್ದು ಗಾದಿ ಸುತ್ತಿಟ್ಟಳು. ಒಲೆಯ ಮುಂದೆ ಕುಂತು ಬೆಂಕಿ ಮಾಡಿ ಹಂಚು ಇಟ್ಟಳು. ಗುದ್ಲೆಪ್ಪ ಹೊಸ್ತಿಲಿನಿಂದ ಎದ್ದು ಬಂದ.

“ಈಗ ರೊಟ್ಟಿ ಬ್ಯಾಡ ಬಿಡು. ಮುಂಜಾನಿದು ತಂಗಳ ಇದ್ರ ಅದನ್ನ ತಿಂತೇನಿ.”

ಅಡಿವೆವ್ವ ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ.

“ಈ ಮಾತ ಆವಾಗ ಒಂದ ರಾತ್ರಿ ಅಂದಿದ್ರ ಸಾಕಾಗಿತ್ತು” ಎಂದಳು, ಮತ್ತು ಎಡಗೈಯಿಂದ ಹಿಟ್ಟು ನಾದತೊಡಗಿದಳು.